ಟಾಲಿನ್‌ನಲ್ಲಿ ನಮ್ಮದೊಂದು ಕೌಂಟರ್

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಿಂದ ಫಿನ್‌ಲೆಂಡಿನ ಹೆಲ್ಸಿಂಕಿಗೆ ಹಡಗಿನಲ್ಲಿ ಎರಡು ಗಂಟೆ. ಮಧ್ಯೆ ಸುಮಾರು 80 ಕಿಲೋಮೀಟರ್ ಸಮುದ್ರ. ಮೊದಲ ಸಲ ಪಾಸ್‌ಪೋರ್ಟ್ ರಿನ್ಯೂ ಮಾಡಿಸಲು ನಾನು ಆ ಸಮುದ್ರ ದಾಟಿದ್ದೆ. ಎಸ್ಟೋನಿಯಾದಲ್ಲಿ ಆಗ ಭಾರತದ ರಾಯಭಾರ ಕಚೇರಿ ಇರಲಿಲ್ಲ. ಫಿನ್‌ಲೆಂಡಿನ ಕಚೇರಿಯೇ ಇಲ್ಲಿಯದನ್ನೂ ನೋಡಿಕೊಳ್ಳುತ್ತಿತ್ತು. ಫೋಟೊದ ಅಳತೆ ನಾನೇ ತಪ್ಪು ಮಾಡಿಕೊಂಡು ಹೋಗಿದ್ದರಿಂದ ಇನ್ನೊಂದು ರಜೆ, ಇನ್ನೊಂದು ಟಿಕೆಟ್. 2020ರ ಡಿಸೆಂಬರ್ ಕೊನೆಗೆ ಇಲ್ಲೊಂದು ಕಚೇರಿ ತೆರೆಯಲು ಕೇಂದ್ರ ಸಂಪುಟ ಒಪ್ಪಿತು, ಮರುವರ್ಷ ಟಾಲಿನ್‌ನಲ್ಲೇ ಕಚೇರಿ ಬಂತು.

ಈ ಊರಿನವರಿಗೆ ಇದೆಲ್ಲ ಕೇಳಿದರೆ ನಗು. 13 ಲಕ್ಷ ಚಿಲ್ಲರೆ ಜನರ ದೇಶ. 2002ರಿಂದ ಗುರುತಿನ ಚೀಟಿಯಲ್ಲೇ ಡಿಜಿಟಲ್ ಸಹಿ, 2005ರಿಂದ ಮನೆಯಲ್ಲಿ ಕೂತು ಮತದಾನ. ದೇಶದ ಮುಖ್ಯ ದಾಖಲೆಗಳ ನಕಲು ಇಡಲು ಲಕ್ಸೆಂಬರ್ಗ್‌ನಲ್ಲಿ ಒಂದು ‘ಡೇಟಾ ರಾಯಭಾರ ಕಚೇರಿ’ಯನ್ನೇ ಮಾಡಿಕೊಂಡಿದ್ದಾರೆ. 2017ರ ಒಪ್ಪಂದ ಅದು. ಅಲ್ಲಿರುವುದು ಸರ್ವರ್‌ಗಳು ಮಾತ್ರ. ರಾಯಭಾರಿಯೂ ಇಲ್ಲ, ಚಹಾವೂ ಇಲ್ಲ.

ಕೆಲವು ವರ್ಷ ನಾನೂ ಅದೇ ಹಾಡು ಹಾಡುತ್ತಿದ್ದೆ: ನಮ್ಮವರು ಯಾವಾಗ ಕಲಿಯುತ್ತಾರೋ! ಹಾಸನದಲ್ಲಿ ಅಪ್ಪ ಬಿಟ್ಟುಹೋದ ಸೈಟು ಮಾರಲು ತಮ್ಮನಿಗೆ ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಕೊಡಬೇಕಾಗಿ ಬಂದಾಗ ದನಿ ಸ್ವಲ್ಪ ತಗ್ಗಿತು. ಹೊರದೇಶದಲ್ಲಿರುವವನು ಅಂಥ ಪತ್ರಕ್ಕೆ ನೋಟರಿ, ನ್ಯಾಯಾಧೀಶ ಅಥವಾ ಭಾರತದ ಕಾನ್ಸುಲ್ (ರಾಯಭಾರ ಕಚೇರಿಯಲ್ಲಿ ಇಂಥ ಕೆಲಸ ನೋಡುವ ಅಧಿಕಾರಿ) ಎದುರೇ ಸಹಿ ಹಾಕಬೇಕು ಅನ್ನುತ್ತದೆ ನೋಂದಣಿ ಕಾಯ್ದೆಯ 33ನೇ ಕಲಮು. ಪತ್ರ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಅಲ್ಲಿನ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು.

ಕಚೇರಿಯಲ್ಲಿ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, ‘ನಿಮ್ಮ ಇಷ್ಟದಿಂದಲೇ ತಾನೆ ಕೊಡ್ತಿರೋದು? ಯಾರೂ ಒತ್ತಾಯ ಮಾಡಿಲ್ವಲ್ಲ?’ ಡಿಜಿಟಲ್ ಸಹಿಗೆ ಒತ್ತುವ ನನ್ನ ಗುರುತಿನ ಚೀಟಿಯ ಪಿನ್ ಈ ಪ್ರಶ್ನೆ ಕೇಳಿದ್ದೇ ಇಲ್ಲ. ಆಸ್ತಿಗಾಗಿ ಅಣ್ಣತಮ್ಮಂದಿರ ನಡುವೆ ಏನೇನು ನಡೆಯುತ್ತದೆ ಅನ್ನೋದು ನಮಗೆ ಗೊತ್ತಿಲ್ವಾ?

ಹೊರದೇಶದ ದೊಡ್ಡ ನಗರಗಳಲ್ಲಿ ನಮ್ಮ ಕಚೇರಿಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವುದು ಗುತ್ತಿಗೆ ಏಜೆನ್ಸಿ. ಟೋಕನ್ ಸಿಗುತ್ತದೆ, ಅಧಿಕಾರಿಯ ಮುಖ ಸಿಗುವುದು ಕಮ್ಮಿ. ಸಣ್ಣ ಕಚೇರಿಯಲ್ಲಿ ಇರುವವರೇ ನಾಲ್ಕೈದು ಮಂದಿ. ಪಾಸ್‌ಪೋರ್ಟ್ ನೋಡುವವರೇ ಜೂನ್ 21ಕ್ಕೆ ಯೋಗದ ಚಾಪೆ ಹಾಸುತ್ತಾರೆ. ಮಗು ಹುಟ್ಟಿದರೆ ವರ್ಷದೊಳಗೆ ನೋಂದಾಯಿಸುವುದು ಅಲ್ಲೇ. ಯಾರಾದರೂ ತೀರಿಕೊಂಡರೆ ಪಾಸ್‌ಪೋರ್ಟ್ ರದ್ದು ಮಾಡಿ, ದೇಹ ಊರಿಗೆ ಕಳಿಸಲು ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬರೆದು, ಆಸ್ಪತ್ರೆಗೂ ಏರ್‌ಲೈನ್‌ಗೂ ಫೋನ್ ಹಚ್ಚುವುದೂ ಅವರೇ. ಆ ಹೊತ್ತಿನಲ್ಲಿ ಮನೆಯವರಿಗೆ ಬೇಕಾಗುವುದು ವೆಬ್‌ಸೈಟ್ ಅಲ್ಲ, ಅಲ್ವಾ?

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಪಾಸ್‌ಪೋರ್ಟ್ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಪ್ರಿಂಟ್ ತೆಗೆದು, ಅದರ ಜೊತೆ ಜೆರಾಕ್ಸ್‌ಗಳನ್ನು ಹೊತ್ತುಕೊಂಡು ಹೋಗಬೇಕು. ಇದು ಎರಡೂ ದೋಣಿಯಲ್ಲಿ ಕಾಲಿಟ್ಟ ಹಾಗೆ. ಅಂಚೆ ಇಲಾಖೆಯಲ್ಲಿದ್ದ ನಮ್ಮಮ್ಮ ಪಿಂಚಣಿಗೆ ಬೇಕಾದ ಜೀವನ್ ಪ್ರಮಾಣವನ್ನು, ಅಂದರೆ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರವನ್ನು, ಹಾಸನದ ಮನೆಯಲ್ಲೇ ಮೊಬೈಲಿಗೆ ಮುಖ ತೋರಿಸಿ ಮುಗಿಸುತ್ತಾರೆ. ಅಂದಮೇಲೆ ನಮ್ಮವರಿಗೆ ಬರುವುದಿಲ್ಲ ಅನ್ನುವ ಹಾಗಿಲ್ಲ. ಜೆರಾಕ್ಸ್ ಕಟ್ಟನ್ನು ಕಂಪ್ಯೂಟರ್‌ಗೆ ಬಿಟ್ಟುಬಿಡಿ. ಆ ಒಂದು ಪ್ರಶ್ನೆ ಕೇಳುವ ಕುರ್ಚಿಯನ್ನು ಮಾತ್ರ ತೆಗೆಯಬೇಡಿ.

ಜಿಪಿಎ ಕೊರಿಯರ್‌ನಲ್ಲಿ ಹೋಯಿತು. ತಮ್ಮ ಫೋನ್ ಮಾಡಿ, ‘ತಲುಪಿತು ಕಣಣ್ಣ. ಆ ಕವರ್ ಎಸಿಬೇಡ ಅಂದ್ರು ವಕೀಲರು, ತಾರೀಖಿನ ಲೆಕ್ಕಕ್ಕೆ ಬೇಕಂತೆ’ ಅಂದ.