ಅವಳ ಸೈಕಲ್ ಕಥೆ ಅವಳೇ ಹೇಳಲಿ ಬಿಡಿ

ನಿನ್ನೆ ಸಂಜೆ ಅಕ್ಕನ ಮಗಳು ಮನೆಗೆ ಬಂದಿದ್ದಳು. ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ, ಈಗ ಬ್ರಿಟನ್‌ಗೆ ಹೋಗುವ ತಯಾರಿ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ ಅಲ್ಲಿ ನರ್ಸ್ ಅಂತ ನೋಂದಣಿ ಆಗಬೇಕಾದರೆ ಸ್ಪೀಕಿಂಗ್‌ನಲ್ಲಿ, ಅಂದರೆ ಮಾತಾಡುವ ಭಾಗದಲ್ಲಿ, 7 ಬ್ಯಾಂಡ್ (ಅಂಕ) ಬರಲೇಬೇಕು. "ಚಿಕ್ಕಮ್ಮ, ಸ್ವಲ್ಪ ಪ್ರಶ್ನೆ ಕೇಳು" ಅಂತ ಕೋಚಿಂಗ್‌ನವರು ಕೊಟ್ಟ ಹಾಳೆಯನ್ನು ನನ್ನ ಕೈಗಿಟ್ಟಳು. ಚಿಕ್ಕವಳಿದ್ದಾಗ ಸೈಕಲ್ ಓಡಿಸುತ್ತಿದ್ದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಹುಡುಗಿ ನೆಟ್ಟಗೆ ಕೂತು ಒಂದೇ ಉಸಿರಿಗೆ ಒಪ್ಪಿಸಿದಳು. ಹುಟ್ಟುಹಬ್ಬಕ್ಕೆ ಅಪ್ಪ ಕೆಂಪು ಸೈಕಲ್ ಕೊಡಿಸಿದರಂತೆ. ವೀಕೆಂಡ್ ಬಂದರೆ ಮನೆ ಹತ್ತಿರದ ಪಾರ್ಕಿನಲ್ಲಿ ಓಡಿಸುತ್ತಿದ್ದಳಂತೆ. ಅದು ಬಾಲ್ಯದ ಮರೆಯಲಾಗದ ನೆನಪಂತೆ.

ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಆ ಹಾಳೆ ಬರೆದವರ ಮೇಲೆ.

ಯಾವ ಪಾರ್ಕು? ಗದಗ ಜಿಲ್ಲೆಯ ರೋಣದ ಕಡೆ ಅಕ್ಕನ ಊರನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಈ ಹುಡುಗಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಬಂತು. ಅದರಲ್ಲೇ ಪಕ್ಕದ ಊರಿನ ಹೈಸ್ಕೂಲಿಗೆ ಹೋದಳು. ದಾರಿ ಪೂರ್ತಿ ಎರೆಮಣ್ಣು. ಮಳೆ ಬಂದರೆ ಆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆಲ್ಲ ತುಂಬಿಬಿಡುತ್ತದೆ, ಗಾಲಿ ತಿರುಗುವುದೇ ಇಲ್ಲ. ಹುಡುಗಿಯರು ಚಪ್ಪಲಿ ತೆಗೆದು ಬುಟ್ಟಿಗೆ ಹಾಕಿಕೊಂಡು, ಬೇಲಿಯ ಕಡ್ಡಿ ಮುರಿದು, ಮಣ್ಣು ಕೆದಕಿ ತೆಗೆದು, ಸ್ವಲ್ಪ ದೂರ ತಳ್ಳಿ, ಮತ್ತೆ ನಿಂತು ಕೆದಕುತ್ತಿದ್ದರು. ಬೇಸಿಗೆಯಲ್ಲಿ ಜಾಲಿಮುಳ್ಳು. ಅವಳ ಊರಲ್ಲಿ ಪಂಕ್ಚರ್ ಅಂಗಡಿ ಇರಲಿಲ್ಲ. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕಿ, ಅಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಆರಿಸಿ ಅವಳೇ ಪ್ಯಾಚ್ ಹಾಕುತ್ತಿದ್ದಳು. ನಾನು ಅಕ್ಕನ ಮನೆ ಕಟ್ಟೆ ಮೇಲೆ ಕೂತು ನೋಡಿದ್ದೇನೆ. ಇಂಥವಳ ಬಾಯಿಗೆ ಪಾರ್ಕು, ವೀಕೆಂಡು ಅಂತ ತುರುಕಿದ್ದಾರಲ್ಲ!

ಪರೀಕ್ಷೆಯವರಿಗೆ ಇಂಥ ಒಪ್ಪಿಸುವ ಉತ್ತರ ಬೇಕಾಗಿಯೇ ಇಲ್ಲ. ಇಡೀ ಸ್ಪೀಕಿಂಗ್ 11ರಿಂದ 14 ನಿಮಿಷ. ಮೊದಲು ಊರು, ಮನೆ, ಕೆಲಸ, ಇಷ್ಟಗಳ ಬಗ್ಗೆ ಸಣ್ಣ ಪ್ರಶ್ನೆಗಳು. ಆಮೇಲೆ ವಿಷಯ ಬರೆದ ಒಂದು ಕಾರ್ಡು, ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ. ಕೊನೆಗೆ ಚರ್ಚೆ. ಮಾತು ಸರಾಗವಾಗಿ ಹೊಂದಿಕೊಂಡು ಬರುತ್ತದಾ, ಪದ ಹೇಗೆ ಬಳಸುತ್ತೀರಿ, ವ್ಯಾಕರಣ, ಉಚ್ಚಾರಣೆ, ಈ ನಾಲ್ಕಕ್ಕೂ ಸಮಪಾಲು. ಸೈಕಲ್ ಅಪ್ಪ ಕೊಡಿಸಿದ್ದಾ ಸರ್ಕಾರ ಕೊಟ್ಟಿದ್ದಾ ಅನ್ನುವುದಕ್ಕೆ ಅಂಕ ಇಲ್ಲವೇ ಇಲ್ಲ. ನಮ್ಮ ಕಡೆಯ ಧಾಟಿ ಇದ್ದರೂ ಎದುರಿನವರಿಗೆ ಸಲೀಸಾಗಿ ತಿಳಿದರೆ ಆಯಿತು. ಉತ್ತರ ಬಾಯಿಪಾಠ ಮಾಡಬೇಡಿ ಅಂತ ಪರೀಕ್ಷೆ ನಡೆಸುವವರೇ ಹೇಳುತ್ತಾರೆ.

"ಅಂಕ ಭಾಷೆಗೆ ತಾನೇ, ನಿಜಕ್ಕಲ್ಲವಲ್ಲ, ಒಂದು ಸುಳ್ಳು ಹೇಳಿದರೆ ಏನಾಯಿತು?" ನಮ್ಮ ಮನೆಯವರೇ ಕೇಳಿದರು. ಏನಾಯಿತು ಅಂದರೆ, ಪಾರ್ಕಿಗೆ ಯಾರ ಜೊತೆ ಹೋಗುತ್ತಿದ್ದೆ ಅಂತ ಕೇಳಿದ ಕೂಡಲೇ ಹುಡುಗಿಯ ಮಾತು ನಿಂತುಹೋಯಿತು. ಅದು ಹಾಳೆಯಲ್ಲಿ ಇರಲಿಲ್ಲ. ಹಾಳೆ ಮಡಚಿಟ್ಟು, ನಿನ್ನ ಎರೆಮಣ್ಣಿನ ದಾರಿ ಹೇಳು ಅಂದೆ. ತಡವರಿಸಿದಳು. ಕೆಲವು ಕಡೆ ವ್ಯಾಕರಣ ತಪ್ಪಿತು, ಒಂದೆರಡು ಕಡೆ ಕೈಸನ್ನೆ ಮಾಡಿದಳು. ಆದರೆ ನಿಲ್ಲಲಿಲ್ಲ. ಚೈನು, ಪೆಡಲ್, ಟ್ಯೂಬು, ಪಂಕ್ಚರ್ ಎಲ್ಲ ತಾವಾಗಿ ಬಂದವು. ಮೆತ್ತಿದ ಮಣ್ಣಿನ ಬಗ್ಗೆ ಹೇಳುವಾಗ ನಕ್ಕಳು. ತಪ್ಪಿದ ವ್ಯಾಕರಣ ತಿದ್ದಬಹುದು. ಇಲ್ಲದ ನೆನಪನ್ನು ಏನಂತ ತಿದ್ದುವುದು?

ಕೊನೆಯ ಚರ್ಚೆಗಂತೂ ಇವಳ ಹತ್ತಿರ ಇರುವುದು ಬೇರೆಯವರ ಹತ್ತಿರ ಇಲ್ಲ. ಜನ ಸೈಕಲ್ ಬಳಸುವಂತೆ ಸರ್ಕಾರ ಏನು ಮಾಡಬಹುದು ಅಂತ ಕೇಳಿದರೆ, 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವುದು ಶುರುವಾಯಿತು, ನನಗೂ ಒಂದು ಬಂತು ಅನ್ನಬಹುದು. ಕೊರೊನಾ ಬಂದಾಗ ಆ ಹಂಚಿಕೆ ನಿಂತಿತು ಅಂತ ದೂರಬಹುದು. ಮೈಸೂರಿನಲ್ಲಿ 2017ರಲ್ಲಿ ಬಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಗ್ಗೆಯೂ ಹೇಳಬಹುದು. ಎಲ್ಲವನ್ನೂ ಪಕ್ಕಕ್ಕಿಟ್ಟು "ಸೈಕ್ಲಿಂಗ್ ಆರೋಗ್ಯಕ್ಕೆ ಒಳ್ಳೆಯದು" ಅಂತ ಬಾಯಿಪಾಠ ಮಾಡಿಸುತ್ತಿದ್ದಾರೆ.

ಸರ್ಕಾರಿ ಸೈಕಲ್ ಕಥೆ ಯಾಕೆ ಹೇಳಿಲ್ಲ ಅಂತ ಕೇಳಿದೆ. "ಅದು ಬೇಡ, ಬಡತನ ಕಾಣಿಸುತ್ತೆ ಅಂತ ಕೋಚಿಂಗ್ ಸರ್ ಹೇಳಿದರು" ಅಂದಳು. ನನಗೆ ತಡೆಯಲಾಗದೇ ಹೋಗಿದ್ದು ಇದಕ್ಕೇ.

ನಮ್ಮ ಕಾಲದಲ್ಲಿ ಈ ಸೈಕಲ್ ಇರಲಿಲ್ಲ. ಏಳನೇ ಕ್ಲಾಸಿನ ತನಕ ನನ್ನ ಜೊತೆ ಓದಿದ ಹುಡುಗಿಯರಲ್ಲಿ ಜಾಸ್ತಿ ಜನ ಹೈಸ್ಕೂಲ್ ಮೆಟ್ಟಿಲು ಹತ್ತಲಿಲ್ಲ. ಓದು ಬರಲಿಲ್ಲ ಅಂತಲ್ಲ. ಹೈಸ್ಕೂಲ್ ದೂರ ಇತ್ತು, ಬಸ್ಸು ಹೊತ್ತಿಗೆ ಬರುತ್ತಿರಲಿಲ್ಲ, ನಡೆಸಿ ಕಳಿಸಲು ಮನೆಯವರು ಒಪ್ಪಲಿಲ್ಲ, ಅಷ್ಟೇ. ನಾನು ಅಣ್ಣನ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋದೆ, ಹಾಗಾಗಿ ಓದಿದೆ. ಅಣ್ಣ ಇಲ್ಲದ ಗೆಳತಿಯರು ಓದಲಿಲ್ಲ. ಈಗಲೂ ಯೂನಿಫಾರ್ಮ್ ಹಾಕಿದ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವುದು ಕಂಡರೆ ನನಗೆ ಗಂಟಲು ಕಟ್ಟುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಹೇಳಿ. ಆ ಹುಡುಗಿ ನರ್ಸ್ ಆಗಿದ್ದೇ ಆ ಸೈಕಲ್ಲಿನಿಂದ, ಅಲ್ವಾ?

ಈ ಪರೀಕ್ಷೆ ಮುಗಿಸಿ ಹೊರಗೆ ಹೋದ ಗೆಳೆಯರು ಇಲ್ಲಿ ಸುಮಾರು ಜನ ಇದ್ದೀರಿ. ಅವಳಿಗೆ ಬೇಕಾಗಿರುವುದು ಮಧ್ಯೆ ಮಧ್ಯೆ ಅಡ್ಡಪ್ರಶ್ನೆ ಕೇಳುವವರು. ನಾನು ಕೇಳಿದರೆ ಮನೆಯವಳು ಅಂತ ಸಲುಗೆ. ಭಾನುವಾರ ಅರ್ಧ ಗಂಟೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಲು ಯಾರಿಗೆ ಪುರುಸೊತ್ತಿದೆಯೋ ಇನ್‌ಬಾಕ್ಸ್‌ಗೆ ಬನ್ನಿ. ಅವಳ ಜೊತೆ ಕೋಚಿಂಗ್‌ಗೆ ಹೋಗುವ ಇನ್ನೂ ಕೆಲವು ಹುಡುಗಿಯರಿದ್ದಾರೆ, ಅವರನ್ನೂ ಸೇರಿಸಿಕೊಳ್ಳೋಣ.