ಒಂದು ಹೆಂಚಿನಷ್ಟು ವ್ಯತ್ಯಾಸ

ಏಪ್ರಿಲ್ ಬಂತೆಂದರೆ ಶಿವಮೊಗ್ಗದಲ್ಲಿ ಎರಡು ಗುಡುಗು. ಒಂದು ಸಂಜೆ ಆಕಾಶದಲ್ಲಿ, ಇನ್ನೊಂದು ಅಡುಗೆಮನೆಯಿಂದ: "ಮನೆ ಕಂದಾಯ ಕಟ್ಟಿದ್ರಾ? ತಿಂಗಳು ಮುಗೀತಾ ಬಂತು!" 30ನೇ ತಾರೀಖಿನೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. 3,000 ರೂಪಾಯಿ ತೆರಿಗೆಗೆ 150. ಅದನ್ನು ಉಳಿಸಲು ಆಗುವ ಆಟೋ, ಜೆರಾಕ್ಸು, ನಡುವೆ ಒಂದು ಮಸಾಲೆ ದೋಸೆ, ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು.

ತೆರಿಗೆಯ ಬೆನ್ನಿಗೆ ಉಪಕರಗಳೂ (ಸೆಸ್) ಇವೆ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಕೊನೆಯದನ್ನು ಕೊಡಲು ಬೇಜಾರಿಲ್ಲ ಬಿಡಿ, ಓಡಾಟ ಮುಗಿಯುವಷ್ಟರಲ್ಲಿ ಅದರ ಫಲಾನುಭವಿಗಳು ನಾವೇ.

ನಿಜವಾದ ಪೀಕಲಾಟ ಅಳತೆಯದ್ದು. ಸೈಟು ಮೂವತ್ತು-ನಲವತ್ತು, ಅಂದರೆ 1,200 ಚದರಡಿ. ಇದು ಊರಿಗೆಲ್ಲ ಗೊತ್ತು, ಆಸ್ತಿಯ ಕಂಪ್ಯೂಟರ್ ದಾಖಲೆಯಾದ ಇ-ಖಾತೆಗೆ ಮಾತ್ರ ಗೊತ್ತಿಲ್ಲ. ಅದಕ್ಕೆ ಚದರ ಮೀಟರ್ ಬೇಕು. 10.764ರಿಂದ ಭಾಗಿಸಬೇಕು. ಅವಸರದಲ್ಲಿ ಗುಣಿಸಿದಿರೋ, 12,917 ಚದರ ಮೀಟರ್ ಬರುತ್ತದೆ. ವಿನೋಬನಗರದ ನಟ್ಟನಡುವೆ ನಿಮಗೆ ಮೂರೆಕರೆ ಏಳೂವರೆ ಗುಂಟೆಗೂ ಮೇಲೆ! ಅಡಿಕೆ ಸಸಿ ತರಿಸುವುದೊಂದೇ ಬಾಕಿ.

ಸರಿಯಾಗಿ ಭಾಗಿಸಿದರೂ ಬಚಾವಾಗಲಿಲ್ಲ. 1,200ನ್ನು ಒಟ್ಟಿಗೆ ಭಾಗಿಸಿದರೆ 111.48. ಕ್ರಯಪತ್ರ ಬರೆದವರು ಒಂದೊಂದೇ ಬದಿಯನ್ನು ಮೀಟರಿಗೆ ತಂದು 9.14ನ್ನು 12.19ರಿಂದ ಗುಣಿಸಿದ್ದರೆ 111.42. ಎರಡೂ ಅದೇ ಸೈಟು, ಅದೇ ಕಾಂಪೌಂಡು. ಆದರೆ ಕೌಂಟರಿನಲ್ಲಿ ಕನ್ನಡಕ ಮೂಗಿನ ತುದಿಗಿಳಿಯುತ್ತದೆ. "ತಾಳೆ ಆಗ್ತಿಲ್ವಲ್ಲ. ಇದು 48, ಇದು 42." ಪೆನ್ನಿನ ತುದಿ 48ರ ಮೇಲೊಮ್ಮೆ, 42ರ ಮೇಲೊಮ್ಮೆ. ಪಕ್ಕದ ಮೇಜಿನವರನ್ನೂ ಕರೆದು ತೋರಿಸಲಾಗುತ್ತದೆ. ಅವರೂ ನೋಡಿ ಹೇಳುತ್ತಾರೆ, "ಹೌದಲ್ವಾ, ಇದು 48, ಇದು 42." ವ್ಯತ್ಯಾಸ 0.06 ಚದರ ಮೀಟರ್. ಒಂದು ಚದರ ಮೀಟರ್ ಮಾಡಿಗೆ ಹದಿನೈದು ಮಂಗಳೂರು ಹೆಂಚು ಹಿಡಿಯುತ್ತದೆ. ಅಂದರೆ ಈ ಜಗಳವೆಲ್ಲ ಒಂದೇ ಒಂದು ಹೆಂಚು ಮುಚ್ಚುವಷ್ಟು ಜಾಗಕ್ಕೆ. ಮಂಗ ಒಂದು ಸಲ ಹಾರಿದರೆ ಮಾಡಿನಿಂದ ಅದಕ್ಕಿಂತ ಹೆಚ್ಚು ಹೋಗುತ್ತದೆ ಮಾರಾಯ್ರೆ.

ಹಾಗಾಗಿ ಬದಿಗಳನ್ನು ಮೀಟರಿಗೆ ತರಲು ಹೋಗಲೇಬೇಡಿ. ಪತ್ರದಲ್ಲಿರುವ ಅಂಕಿಯನ್ನೇ, ದಶಾಂಶ ಸಮೇತ, ನಕಲು ಮಾಡಿ. ಪತ್ರದಲ್ಲಿ ಬರೀ ಅಡಿ ಇದ್ದರೆ ಮಾತ್ರ ಒಟ್ಟು ಚದರಡಿಯನ್ನು ಒಂದೇ ಸಲ ಭಾಗಿಸಿ. ಚೆಕ್ಕುಬಂದಿಯನ್ನೂ, ಅಂದರೆ ಸೈಟಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನೂ, ಓದಿಕೊಂಡು ಹೋಗಿ. ಪತ್ರದಲ್ಲಿ "ಪೂರ್ವಕ್ಕೆ ಖಾಲಿ ನಿವೇಶನ" ಎಂದಿರುವಲ್ಲಿ ಈಗ ಮೂರಂತಸ್ತು ಎದ್ದು ನಿಮ್ಮ ಬಿಸಿಲನ್ನೇ ನುಂಗಿರುತ್ತದೆ.

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗೆ ಅಳತೆ ಇದ್ದದ್ದು ಅಂಕಣದಲ್ಲಿ. "ಎಷ್ಟಂಕಣದ ಮನೆ?" "ಐದಂಕಣ." ಮುಗೀತು. ಕಂಬದಿಂದ ಕಂಬಕ್ಕೆ ಎಣಿಸಿದರಾಯಿತು. ಜಗುಲಿಯಲ್ಲಿ ಎಷ್ಟು ಜನ ಮಲಗಬಹುದು ಅನ್ನುವುದೂ ಅದರಲ್ಲೇ ತಿಳಿಯುತ್ತಿತ್ತು. ಅಂಕಣಕ್ಕೆ ದಶಾಂಶ ಇರಲಿಲ್ಲ.

ಇರಲಿ. 30ರ ಸಂಜೆ, 48 ಮತ್ತು 42 ಇನ್ನೇನು ರಾಜಿಯಾಗಬೇಕು, ಅಷ್ಟರಲ್ಲಿ ಗುಡುಗು, ಕರೆಂಟು ಹೋಯಿತು. "ಸರ್ವರ್ ಇಲ್ಲ, ನಾಳೆ ಬನ್ನಿ." ನಾಳೆ ಮೇ 1. ರಿಯಾಯಿತಿಯೂ ಇಲ್ಲ, ಕಾರ್ಮಿಕರ ದಿನಾಚರಣೆಗೆ ಕಚೇರಿಯೂ ಇಲ್ಲ.