ಹಾಲಿನಲ್ಲಿ ಹ್ಯಾಲೊಜೆನ್

2008ರ ಮಾತು. ಭಾವಮೈದನ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವನು ಗೋಡೆ ಮೇಲಿದ್ದ ಒಂದು ನಾಬ್ ತಿರುಗಿಸಿದ. ಸೀಲಿಂಗಿನ ಪುಟಾಣಿ ದೀಪಗಳೆಲ್ಲ ಮೆಲ್ಲಗೆ ಮಂಕಾದವು. "ಮೂಡ್ ಲೈಟಿಂಗ್, ಭಾವ" ಅಂದ. ನನ್ನ ಹೆಂಡತಿ ಮೊದಲು ಮೇಲೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಆ ಎರಡನೇ ನೋಟಕ್ಕೆ ಎಷ್ಟು ಖರ್ಚಾಗುತ್ತೆ ಅಂತ ನನಗೆ ಆಗ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಹನ್ನೆರಡು ವರ್ಷದಿಂದ ಸುಮ್ನೆ ಉರಿಯುತ್ತಿದ್ದ ನಮ್ಮ ಟ್ಯೂಬ್‌ಲೈಟ್ ಅವಳ ಕಣ್ಣಿಗೆ ಬಿತ್ತು. "ರೀ, ಇದು ಹಾಲ್ ಥರ ಇಲ್ಲ, ರೇಷನ್ ಅಂಗಡಿ ಥರ ಇದೆ." ಹೇಗೂ ಹಾಲಿನ ಅಂಚಿಗೆ ಸುತ್ತ ಪಿಒಪಿ, ಅಂದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಫಾಲ್ಸ್ ಸೀಲಿಂಗ್ ಮಾಡಿಸಿದ್ದೆವು, ನಡುವೆ ಫ್ಯಾನ್. ಆರು ತೂತು ಕೊರೆದರೆ ಮುಗೀತು, ಅಲ್ವಾ?

ಶನಿವಾರ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕರೆಂಟಿನ ಸಾಮಾನು ಅಂದ್ರೆ ಅಲ್ಲಿಗೇ ಹೋಗಬೇಕು; ಗಾಡಿ ನಿಲ್ಲಿಸಲು ಜಾಗ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. 50 ವ್ಯಾಟಿನ ಆರು ಹ್ಯಾಲೊಜೆನ್ ಬಲ್ಬ್ ಕೊಂಡೆ. ಪುಟ್ಟ ಕನ್ನಡಿ ಬಟ್ಟಲು, ಅದರ ನಡುವೆ ಕಡಲೆಬೀಜದಷ್ಟು ಗಾಜು. ಬಲ್ಬಿಗೆ ಬೇಕಾದ್ದು 12 ವೋಲ್ಟ್, ಮನೆಗೆ ಬರೋದು 230. ನಡುವೆ ಪಂಚಾಯಿತಿಗೆ ಅಂತ ಒಂದೊಂದಕ್ಕೂ ಒಂದೊಂದು ಟ್ರಾನ್ಸ್‌ಫಾರ್ಮರ್. ಅಂಗಡಿಯವರು ಅದನ್ನು ಚೋಕ್ ಅಂತಲೇ ಕರೆದರು. ಜೊತೆಗೆ ಬೆಳಕು ಏರಿಸಿ ಇಳಿಸುವ ನಾಬ್, ಅಂದ್ರೆ ಒಂದು ಡಿಮ್ಮರ್. "ಒಳಗಿನ ಗಾಜು ಮಾತ್ರ ಕೈಯಲ್ಲಿ ಮುಟ್ಟಬೇಡಿ ಸಾರ್" ಅಂದರು. ಕೈಯ ಜಿಡ್ಡು ಅಂಟಿದರೆ ಆ ಜಾಗ ಜಾಸ್ತಿ ಕಾದು ಬಲ್ಬ್ ಕೆಡುತ್ತದಂತೆ. ನಾನು ತಿಳಿದವನ ಹಾಗೆ ತಲೆ ಆಡಿಸಿದೆ.

ಭಾನುವಾರ ಎಂಟಕ್ಕೆ ಬರುತ್ತೇನೆ ಅಂದಿದ್ದ ಎಲೆಕ್ಟ್ರಿಷಿಯನ್ ಹನ್ನೊಂದಕ್ಕೆ ಬಂದ. ಅಷ್ಟರಲ್ಲಿ ಅಮ್ಮ ಆಲೂಗಡ್ಡೆ ಬೋಂಡ ಕರಿದಿದ್ದರು. ಅವನು ಏಣಿ ಮೇಲಿಂದ "ಬಲ್ಬ್ ಕೊಡಿ ಸಾರ್" ಅಂದಾಗ ನನ್ನ ಒಂದು ಕೈಯಲ್ಲಿ ಬೋಂಡ, ಇನ್ನೊಂದರಲ್ಲಿ ಏಣಿ. ಬೋಂಡ ಬಾಯಿಗೆ ಹಾಕಿಕೊಂಡು ಅದೇ ಕೈಯಲ್ಲಿ ಬಲ್ಬ್ ಎತ್ತಿಕೊಟ್ಟೆ. ನಾಲ್ಕನೆಯದು. ಮೂರೇ ವಾರದಲ್ಲಿ ಅದರ ಗಾಜು ಒಂದು ಕಡೆ ಗುಳ್ಳೆಯ ಹಾಗೆ ಉಬ್ಬಿ ಆರಿಹೋಯಿತು. ಯಾಕೆ ಅಂತ ಗೊತ್ತಾಗುತ್ತಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ.

ಸಂಜೆ ಸ್ವಿಚ್ ಹಾಕಿದೆವು. ಹಾಲ್ ಝಗ್ಗೆಂದಿತು. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು "ಯಾರಿಗೋ ಆಪರೇಷನ್?" ಅಂದರು. ನಾನು ಗಂಭೀರವಾಗಿ ಡಿಮ್ಮರ್ ತಿರುಗಿಸಿದೆ. ದೀಪಗಳು ಮಂಕಾಗಲಿಲ್ಲ. ಆರೂ ಸೇರಿ ಮಿಣಕ್ ಮಿಣಕ್ ಅಂತ ಕುಣಿಯತೊಡಗಿದವು. ಗಣೇಶನ ಪೆಂಡಾಲ್ ಒಂದು ಬಾಕಿ. ಪಕ್ಕದ ಮನೆ ಹುಡುಗ ಬಂದು ಬಾಗಿಲಲ್ಲೇ ನಿಂತು ಎರಡು ಸ್ಟೆಪ್ ಹಾಕಿಯೂ ಹೋದ.

"ಡಿಮ್ಮರ್ ಸರಿ ಇದೆ ಸಾರ್. ಚೋಕೂ ಸರಿ ಇದೆ. ಒಂದಕ್ಕೊಂದು ಜಾತಕ ಕೂಡ್ತಿಲ್ಲ" ಅಂದ ಎಲೆಕ್ಟ್ರಿಷಿಯನ್. ನಾನು ತಂದಿದ್ದು ಎಲೆಕ್ಟ್ರಾನಿಕ್ ಚೋಕ್. ಡಿಮ್ಮರಿಗೆ ಒಗ್ಗುವಂಥದ್ದೇ ಬೇರೆ ಇರುತ್ತದಂತೆ. ಮರಳಿ ಅಂಗಡಿಗೆ ಹೋದರೆ ಬಿಲ್ಲಿನ ಹಿಂದೆ ಬರೆದಿದ್ದನ್ನು ಬೆರಳಿಟ್ಟು ತೋರಿಸಿದರು. ಮಾರಿದ ಮಾಲು ವಾಪಸ್ ಇಲ್ಲ. ಕೊನೆಗೆ ತಂತಿ ಸುತ್ತಿದ ಹಳೇ ಮಾದರಿಯ ಆರು ಟ್ರಾನ್ಸ್‌ಫಾರ್ಮರ್ ಹೊತ್ತು ತಂದೆ. ಒಂದೊಂದೂ ಇಡ್ಲಿ ರುಬ್ಬುವ ಗುಂಡಿನಷ್ಟು ಭಾರ ಅನ್ನಿಸಿತು.

ಈಗ ದೀಪ ಮಂಕಾಯಿತು. ಕೆಂಡದ ಬಣ್ಣ, ಎಷ್ಟು ಚೆಂದ. ಜೊತೆಗೆ 'ಗುಂಯ್' ಅನ್ನುವ ಸದ್ದೊಂದು ಶುರುವಾಯಿತು. ಡಿಮ್ಮರ್ ಅನ್ನೋದು ಕರೆಂಟನ್ನು ಸೆಕೆಂಡಿಗೆ ನೂರು ಸಲ ಕತ್ತರಿಸುತ್ತದೆ. ಆ ಏಟಿಗೆ ಟ್ರಾನ್ಸ್‌ಫಾರ್ಮರ್ ನಡುಗಿ ಹಾಡುತ್ತದೆ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಅಮ್ಮನಿಗೆ ಗೊತ್ತಾಗಿದ್ದು ಬೇರೆ: ಪಿಒಪಿ ಒಳಗೆ ಕಣಜ ಗೂಡು ಕಟ್ಟಿದೆ. ನಾನು ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ಹೊಗೆ! ವೈರಿಂಗ್ ಸುಟ್ಟಿತು ಅಂತ ಚಪ್ಪಲಿ ಕಾಲಲ್ಲೇ ಓಡಿ ಮೇನ್ ಆಫ್ ಮಾಡಿದೆ. ಕತ್ತಲಲ್ಲಿ ಅಮ್ಮನ ದನಿ ಬಂತು. "ಬೇವಿನ ಸೊಪ್ಪು ಹಾಕಿದೀನಿ ಕಣೋ. ನೋಡು, ಸದ್ದು ನಿಂತೋಯ್ತು."

ಕರೆಂಟ್ ಬಿಲ್ಲಿನ ಲೆಕ್ಕ ಬೇಡ ಅಂದುಕೊಂಡಿದ್ದೆ, ಆದರೂ ಹೇಳಿಬಿಡುತ್ತೇನೆ. ಆರು ಬಲ್ಬಿಗೆ 300 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ 36 ಯೂನಿಟ್. ಟ್ಯೂಬ್‌ಲೈಟಿಗೆ ಅದರ ಚೋಕ್ ಸೇರಿದರೂ ಆರು ಯೂನಿಟ್ ಆಗುತ್ತಿತ್ತು. ಮಂಕು ಮಾಡಿದರೆ ಉಳಿಯುತ್ತಲ್ಲ ಅಂತ ನೀವು ಕೇಳಬಹುದು. ಬೆಳಕು ಅರ್ಧ ಆದರೂ ಕರೆಂಟು ಅರ್ಧ ಆಗಲ್ಲ ಸ್ವಾಮಿ.

ಬೇಸಿಗೆಯಲ್ಲಿ ಮಾವನವರು ಬಂದರು. ಅವರನ್ನು ಗೌರವದಿಂದ ಒಳ್ಳೆ ಸೋಫಾದಲ್ಲಿ ಕೂರಿಸಿ, ಮಂದ ಬೆಳಕು ಹಾಕಿ, ಕಾಫಿ ತರಲು ಒಳಗೆ ಹೋದೆ. ಹ್ಯಾಲೊಜೆನ್ ಕೊಡುವುದು ಬೆಳಕಿಗಿಂತ ಕಾವೇ ಜಾಸ್ತಿ, ಅದರ ನೇರ ಕೆಳಗೇ ಅವರ ಬೋಳು ತಲೆ. ಸೆಕೆ ಅಂತ ಎದ್ದು ಬೋರ್ಡಿನ ಹತ್ತಿರ ಹೋಗಿದ್ದಾರೆ. ಅಲ್ಲಿ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಎರಡೂ ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ಡಿಮ್ಮರನ್ನೇ ಸ್ವಲ್ಪ ಏರಿಸಿ ಬಂದು ಕೂತರು. ಸೆಕೆ ಹೆಚ್ಚಾಯಿತು. ಮತ್ತೆ ಎದ್ದು ಇನ್ನೊಂದಿಷ್ಟು ಏರಿಸಿದರು. ನಾನು ಕಾಫಿ ಹಿಡಿದು ಬರುವಾಗ ಹಾಲ್ ಮಧ್ಯಾಹ್ನದ ಹನ್ನೆರಡು ಗಂಟೆಯ ಹಾಗೆ ಬೆಳಗುತ್ತಿತ್ತು. ಮಾವನವರು ಶರ್ಟಿನ ಎರಡು ಗುಂಡಿ ಬಿಚ್ಚಿ, ಪೇಪರ್ ಮಡಚಿ ಗಾಳಿ ಹಾಕಿಕೊಳ್ಳುತ್ತಾ, ತಲೆ ಮೇಲೆ ಅಲುಗಾಡದೆ ನಿಂತಿದ್ದ ಫ್ಯಾನನ್ನು ನೋಡುತ್ತಿದ್ದರು.

"ಅಳಿಯಂದಿರೇ, ಈ ಫ್ಯಾನ್ ರಿಪೇರಿಗೆ ಕೊಡಿ. ಐದಕ್ಕೆ ಇಟ್ಟಿದೀನಿ, ಬರೀ ಬಿಸಿಲು ಬರ್ತಿದೆ."